ಸದ್ದಿಲ್ಲದ ಡೆಸ್ಕ್‌ಟಾಪ್‌ಗೆ ನೀರೋ ಗಾಳಿಯೋ: ಸದ್ದಿನ ಮೂಲ ಹುಡುಕಿ ಕೂಲರ್ ಆರಿಸುವ ಕೈಪಿಡಿ

ಕಂಪ್ಯೂಟರ್ ಸದ್ದು ಮಾಡುತ್ತದೆ ಎಂಬ ಕಾರಣಕ್ಕೆ ಪ್ರೊಸೆಸರನ್ನು ತಣಿಸುವ ಏರ್ ಕೂಲರ್ (ಲೋಹದ ಪದರಗಳು ಮತ್ತು ಫ್ಯಾನ್) ತೆಗೆಸಿ ಲಿಕ್ವಿಡ್ ಕೂಲರ್ (ಪಂಪಿನಿಂದ ದ್ರವ ಹರಿಸಿ, ಫ್ಯಾನುಗಳಿರುವ ರೇಡಿಯೇಟರಿನಲ್ಲಿ ಅದನ್ನು ತಣಿಸುವಂಥದ್ದು) ಹಾಕಿಸಿಕೊಂಡವರಲ್ಲಿ ಅನೇಕರಿಗೆ ಸದ್ದು ಕಡಿಮೆಯಾಗುವುದಿಲ್ಲ. ಕೆಲವರಿಗಂತೂ ಮೊದಲಿಲ್ಲದ ಹೊಸ ಸದ್ದೊಂದು ಸೇರಿಕೊಳ್ಳುತ್ತದೆ. ಹಾಗೆಂದು ಅವರು ಕೊಂಡ ಕೂಲರ್ ಕೆಟ್ಟದ್ದೆಂದು ಹೇಳುವಂತಿಲ್ಲ. ಸದ್ದು ಎಲ್ಲಿಂದ, ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು ಗೊತ್ತುಮಾಡಿಕೊಳ್ಳುವ ಮೊದಲೇ ಖರೀದಿ ಮುಗಿದಿರುತ್ತದೆ, ಅಷ್ಟೆ. ಆದ್ದರಿಂದ ಈ ಕೈಪಿಡಿಯಲ್ಲಿ ಪತ್ತೆ ಕೆಲಸ ಮೊದಲು, ಕೂಲರ್ ಆಯ್ಕೆ ಆಮೇಲೆ. ಈ ಕ್ರಮ ಅನುಸರಿಸಿದವರಲ್ಲಿ ಬಹಳ ಮಂದಿಗೆ ಹೊಸ ಕೂಲರ್ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪರೀಕ್ಷೆಗೆ ಮುಂಚೆ

ಪರೀಕ್ಷೆಯನ್ನು ರಾತ್ರಿ, ಬೀದಿಯ ಸದ್ದು ಅಡಗಿದ ಮೇಲೆ ಮಾಡಬೇಕು. ಸೀಲಿಂಗ್ ಫ್ಯಾನನ್ನೂ ಏಸಿಯನ್ನೂ ನಿಲ್ಲಿಸಬೇಕು. ಮೇಜಿನ ಕೆಳಗೆ ಯುಪಿಎಸ್ ಇದ್ದರೆ ಅದರ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಟ್ಟುವಿಕೆ ಕಂಪ್ಯೂಟರಿನದೇ ಎಂಬಂತೆ ಕೇಳಿಸಬಹುದಾದ್ದರಿಂದ, ಕಂಪ್ಯೂಟರನ್ನು ಪೂರ್ತಿ ಆರಿಸಿ, ಯುಪಿಎಸ್ ಒಂದನ್ನೇ ಚಾಲೂ ಇಟ್ಟು ಒಮ್ಮೆ ಆಲಿಸಿ ನೋಡುವುದು ಒಳ್ಳೆಯದು.

ಕೋಣೆಯ ಉಷ್ಣತೆಯನ್ನು ಬರೆದಿಟ್ಟುಕೊಳ್ಳುವುದು ಇಷ್ಟೇ ಮುಖ್ಯ. ಗಾಳಿಯ ಕೂಲರ್ ಆಗಲಿ ನೀರಿನ ಕೂಲರ್ ಆಗಲಿ ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಎರಡೂ ಕೊನೆಗೆ ಶಾಖವನ್ನು ಬಿಡುವುದು ಅದೇ ಕೋಣೆಯ ಗಾಳಿಗೆ. ಕೋಣೆ ಎಷ್ಟು ಡಿಗ್ರಿ ಏರುತ್ತದೆಯೋ ಪ್ರೊಸೆಸರ್ ಸುಮಾರು ಅಷ್ಟೇ ಡಿಗ್ರಿ ಏರುತ್ತದೆ. ಬೆಂಗಳೂರಿನಲ್ಲಿ 25 ಡಿಗ್ರಿಯ ಕೋಣೆಯಲ್ಲಿ 75 ಡಿಗ್ರಿ ತೋರಿಸುವ ಯಂತ್ರವನ್ನೇ ಮೇ ತಿಂಗಳ ಕಲಬುರಗಿಗೋ ರಾಯಚೂರಿಗೋ ಒಯ್ದು 40 ಡಿಗ್ರಿಯ ಕೋಣೆಯಲ್ಲಿ ಇಟ್ಟರೆ ಅದು 90 ಡಿಗ್ರಿ ತೋರಿಸುತ್ತದೆ, ಮತ್ತು ಅದರ ಫ್ಯಾನುಗಳು ಅದಕ್ಕೆ ತಕ್ಕಂತೆ ಮೊರೆಯುತ್ತವೆ. ಯುರೋಪು, ಅಮೆರಿಕಗಳಲ್ಲಿ 20–22 ಡಿಗ್ರಿಯ ಕೋಣೆಯಲ್ಲಿ ನಡೆಸಿದ ಪರೀಕ್ಷೆಯ ಅಂಕಿಗಳನ್ನು ಓದುವಾಗ ನಮ್ಮವರು ಇದನ್ನು ಮರೆಯಬಾರದು. ಆ ಅಂಕಿಯಲ್ಲಿ ಕೋಣೆಯ ಉಷ್ಣತೆಯನ್ನು ಕಳೆದು ಉಳಿಯುವ ವ್ಯತ್ಯಾಸವನ್ನಷ್ಟೇ ಹೋಲಿಸಬೇಕು.

ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ಇದ್ದರೆ ಉಷ್ಣತೆ, ಫ್ಯಾನ್ ವೇಗ ಮತ್ತು ಪ್ರೊಸೆಸರ್ ಎಳೆಯುವ ವ್ಯಾಟ್ ಮೂರನ್ನೂ ನೋಡಬಹುದು; ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಉಷ್ಣತೆ ಮತ್ತು ಫ್ಯಾನ್ ವೇಗವನ್ನು ತೋರಿಸುತ್ತದೆ. ಭಾರ ಹಾಕಲು, ಅಂದರೆ ಪ್ರೊಸೆಸರನ್ನು ಪೂರ್ತಿ ದುಡಿಸಲು, ವಿಂಡೋಸ್‌ನಲ್ಲಿ ಸಿನೆಬೆಂಚ್ ತಂತ್ರಾಂಶ ಸಾಕು. ಹತ್ತು ನಿಮಿಷ ಸುಮ್ಮನೆ ಬಿಟ್ಟಾಗಿನ ಅಂಕಿ, ಹತ್ತು ನಿಮಿಷ ಪೂರ್ತಿ ಭಾರ ಹಾಕಿದಾಗಿನ ಅಂಕಿ ಎರಡನ್ನೂ ಬರೆದಿಡಿ.

ಸದ್ದು ಮಾಡುತ್ತಿರುವುದು ಕೂಲರೇ ಹೌದೇ?

ಕ್ಯಾಬಿನೆಟ್ ಒಳಗೆ ಸದ್ದು ಮಾಡಬಲ್ಲ ವಸ್ತುಗಳು ಹಲವು: ಪ್ರೊಸೆಸರ್ ಕೂಲರಿನ ಫ್ಯಾನ್, ಕ್ಯಾಬಿನೆಟ್ ಫ್ಯಾನುಗಳು, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಪೆಟ್ಟಿಗೆ), ಹಳೆಯ ಹಾರ್ಡ್ ಡಿಸ್ಕ್, ಲಿಕ್ವಿಡ್ ಕೂಲರ್ ಇದ್ದರೆ ಅದರ ಪಂಪ್. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಹೊಂದಿಕೆಗಳ ಪರದೆ) ಅಥವಾ ಫ್ಯಾನ್ ನಿಯಂತ್ರಿಸುವ ತಂತ್ರಾಂಶದಲ್ಲಿ ಒಂದೊಂದೇ ಫ್ಯಾನಿನ ವೇಗವನ್ನು ಕೈಯಾರೆ ಏರಿಸಿ ಇಳಿಸುತ್ತಾ ಹೋದರೆ, ನಿಮ್ಮನ್ನು ಕಾಡುವ ಸದ್ದು ಯಾವುದರ ಜೊತೆ ಬದಲಾಗುತ್ತದೆ ಎಂದು ತಿಳಿಯುತ್ತದೆ. ಅಷ್ಟರಲ್ಲಿ ತಿಳಿಯದಿದ್ದರೆ ಒಂದು ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಒಂದೊಂದು ಭಾಗದ ಹತ್ತಿರ ಒಯ್ಯಿರಿ. ತುದಿ ಫ್ಯಾನಿನ ಎಲೆಗಳಿಗೆ ತಾಕದಂತೆ ನಾಲ್ಕು ಬೆರಳು ದೂರದಲ್ಲೇ ಇರಲಿ. ಎರಡು ಫ್ಯಾನುಗಳ ನಡುವೆ ಯಾವುದು ತಪ್ಪಿತಸ್ಥ ಎಂಬುದನ್ನು ಈ ಕಾಗದದ ಕೊಳವೆ ಅಚ್ಚರಿಯಾಗುವಷ್ಟು ಸ್ಪಷ್ಟವಾಗಿ ಹೇಳುತ್ತದೆ.

ಗೇಮ್ ಆಡುವಾಗ ಮಾತ್ರ ಸದ್ದಾದರೆ ಮೊದಲ ಅನುಮಾನ ಗ್ರಾಫಿಕ್ಸ್ ಕಾರ್ಡಿನ ಮೇಲಿರಬೇಕು. ರೈಝೆನ್ 7 7800ಎಕ್ಸ್3ಡಿ ಪ್ರೊಸೆಸರ್ ಗೇಮ್ ಆಡುವಾಗ ಸಾಮಾನ್ಯವಾಗಿ 100 ವ್ಯಾಟ್‌ಗಿಂತ ಕಡಿಮೆ ಎಳೆಯುತ್ತದೆ. ಪಕ್ಕದಲ್ಲಿರುವ ಆರ್‌ಟಿಎಕ್ಸ್ 4070 ಕಾರ್ಡಿನ ಮಿತಿ 200 ವ್ಯಾಟ್, ಆರ್‌ಟಿಎಕ್ಸ್ 4090 ಕಾರ್ಡಿನದು 450 ವ್ಯಾಟ್. ಇಂಥ ಯಂತ್ರದಲ್ಲಿ ಪ್ರೊಸೆಸರ್ ಕೂಲರನ್ನು ಎಷ್ಟು ದುಬಾರಿಯದಕ್ಕೆ ಬದಲಿಸಿದರೂ ಕಿವಿಗೆ ವ್ಯತ್ಯಾಸ ಕಾಣುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ಮಿತಿಯನ್ನು ಸ್ವಲ್ಪ ತಗ್ಗಿಸಿ, ಸೆಕೆಂಡಿಗೆ ಮೂಡುವ ಚಿತ್ರಗಳ (ಫ್ರೇಮ್) ಸಂಖ್ಯೆಗೆ ಮಿತಿ ಹಾಕಿ ನೋಡಿ. ಫ್ರೇಮ್ ಮಿತಿ ಹಾಕಿದ ಕೂಡಲೇ ನಿಲ್ಲುವ, ಕಿವಿ ಚುಚ್ಚುವಂಥ ಸಣ್ಣ ಕಿರ್ ಸದ್ದು ಫ್ಯಾನಿನದಲ್ಲ, ಕಾರ್ಡಿನ ಮೇಲಿರುವ ಸುರುಳಿಗಳ ಕಂಪನದ್ದು. ಅದಕ್ಕೆ ನೀರೂ ಮದ್ದಲ್ಲ, ಗಾಳಿಯೂ ಮದ್ದಲ್ಲ.

ಏರಿಳಿಯುವ ಸದ್ದು

ದೂರುಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ, ಖರ್ಚಿಲ್ಲದೆ ಸರಿಪಡಿಸಬಹುದಾದದ್ದೂ ಇದೇ. ಯಂತ್ರ ಸುಮ್ಮನಿರುವಾಗ ನೀವು ಬ್ರೌಸರ್ ತೆರೆಯುತ್ತೀರಿ. ಪ್ರೊಸೆಸರ್ ಅರೆಕ್ಷಣ ತನ್ನ ಗರಿಷ್ಠ ವೇಗಕ್ಕೆ ಹಾರುತ್ತದೆ, ಉಷ್ಣತೆ 42ರಿಂದ 65ಕ್ಕೆ ಜಿಗಿಯುತ್ತದೆ, 700 ಆರ್‌ಪಿಎಂನಲ್ಲಿದ್ದ (ನಿಮಿಷಕ್ಕೆ 700 ಸುತ್ತು) ಫ್ಯಾನ್ 1300ಕ್ಕೆ ಏರುತ್ತದೆ. ಅದು ಅಲ್ಲಿಗೆ ಮುಟ್ಟುವ ಹೊತ್ತಿಗೆ ಪುಟ ತೆರೆದು ಮುಗಿದು ಉಷ್ಣತೆ ಮತ್ತೆ 45ಕ್ಕೆ ಇಳಿದಿರುತ್ತದೆ. ಹೀಗೆ ದಿನವಿಡೀ ಫ್ಯಾನ್ ನಿಟ್ಟುಸಿರು ಬಿಡುತ್ತಲೇ ಇರುತ್ತದೆ. ಕಿವಿ ಒಂದೇ ಸಮನಾದ ಸದ್ದಿಗೆ ಬೇಗ ಹೊಂದಿಕೊಳ್ಳುತ್ತದೆ, ಏರಿಳಿಯುವ ಸದ್ದಿಗೆ ಹೊಂದಿಕೊಳ್ಳುವುದಿಲ್ಲ. ಹಾಗಾಗಿ ಸದ್ದಿನ ಪ್ರಮಾಣ ಚಿಕ್ಕದಾದರೂ ಕಿರಿಕಿರಿ ದೊಡ್ಡದು.

ಇಲ್ಲಿ ಶಾಖ ನಿಜವಾಗಿ ಹೆಚ್ಚಿಲ್ಲ. ಜಿಗಿದದ್ದು ಪ್ರೊಸೆಸರಿನೊಳಗಿನ ಪುಟ್ಟ ಚಿಪ್ಪಿನ ಉಷ್ಣತೆ ಮಾತ್ರ. ಹೀಟ್‌ಸಿಂಕ್, ಅಂದರೆ ಕೂಲರಿನ ಲೋಹದ ಮೈ, ಇನ್ನೂ ತಣ್ಣಗೇ ಇದೆ. ಬಯಾಸ್‌ನ ಫ್ಯಾನ್ ವಿಭಾಗದಲ್ಲಿ ಫ್ಯಾನ್ ವೇಗ ಏರಲು ಮತ್ತು ಇಳಿಯಲು ತೆಗೆದುಕೊಳ್ಳಬೇಕಾದ ಸಮಯವನ್ನು ನಿಗದಿಪಡಿಸುವ ಅವಕಾಶ ಬಹುತೇಕ ಮದರ್‌ಬೋರ್ಡ್‌ಗಳಲ್ಲಿದೆ. ಏರಲು ಐದಾರು ಸೆಕೆಂಡ್, ಇಳಿಯಲು ಅದಕ್ಕಿಂತ ಹೆಚ್ಚು ಸಮಯ ಕೊಡಿ. ಜೊತೆಗೆ, ಯಾವ ಉಷ್ಣತೆಗೆ ಫ್ಯಾನ್ ಎಷ್ಟು ತಿರುಗಬೇಕೆಂದು ತೋರಿಸುವ ವೇಗದ ರೇಖೆಯನ್ನು 65–70 ಡಿಗ್ರಿಯವರೆಗೆ ಚಪ್ಪಟೆಯಾಗಿಟ್ಟು ಆಮೇಲೆ ಏರುವಂತೆ ಮಾಡಿ. ಈಗಿನ ಪ್ರೊಸೆಸರುಗಳು ಇಷ್ಟು ಉಷ್ಣತೆಯಲ್ಲಿ ಆರಾಮವಾಗಿರುತ್ತವೆ; ರೈಝೆನ್ 7000 ಸರಣಿಯ ಬಹುತೇಕ ಪ್ರೊಸೆಸರುಗಳ ಮಿತಿ 95 ಡಿಗ್ರಿ, ಕೋರ್ ಐ9-14900ಕೆ ಮಿತಿ 100 ಡಿಗ್ರಿ. 50 ಡಿಗ್ರಿಯಲ್ಲಿ ಇಟ್ಟುಕೊಳ್ಳಬೇಕೆಂಬ ಹಟಕ್ಕೆ ಯಾವ ಪ್ರಯೋಜನವೂ ಇಲ್ಲ, ಅದರ ಬೆಲೆಯನ್ನು ಕಿವಿ ತೆರುತ್ತದೆ.

ನೀರಿನ ಕೂಲರ್ ಈ ದೋಷವನ್ನು ತಾನಾಗಿಯೇ ನಿವಾರಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದರ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ನೀರು ನಿಧಾನವಾಗಿ ಕಾಯುತ್ತದೆ ಎಂಬುದು ನಿಜ: ಕಾಲು ಲೀಟರ್ ನೀರಿನ ಉಷ್ಣತೆಯನ್ನು 1 ಡಿಗ್ರಿ ಏರಿಸಲು ಸುಮಾರು 1,050 ಜೂಲ್ ಬೇಕು, ಅಂದರೆ 100 ವ್ಯಾಟ್ ಶಾಖ ಹತ್ತು ಸೆಕೆಂಡಿಗೂ ಹೆಚ್ಚು ಕಾಲ ಹರಿಯಬೇಕು. ಆದರೆ 1 ಕಿಲೋ ಅಲ್ಯೂಮಿನಿಯಂ ಅನ್ನು 1 ಡಿಗ್ರಿ ಏರಿಸಲೂ ಸುಮಾರು 900 ಜೂಲ್ ಬೇಕು. ತಾಮ್ರಕ್ಕೆ ಅದರ ಅರ್ಧಕ್ಕಿಂತ ಕಡಿಮೆ ಸಾಕು ಎಂಬುದನ್ನು ಲೆಕ್ಕಕ್ಕೆ ಹಿಡಿದರೂ, ಲೋಹದ ಪದರಗಳ ಎರಡು ಗೋಪುರಗಳಿರುವ ದೊಡ್ಡ ಏರ್ ಕೂಲರಿನಲ್ಲಿರುವ ಲೋಹ ನೀರಿಗಿಂತ ತೀರಾ ಹಿಂದೆ ಬೀಳುವುದಿಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ. ಕೆಲವು ಲಿಕ್ವಿಡ್ ಕೂಲರುಗಳಲ್ಲಿ ದ್ರವದ ಉಷ್ಣತೆಯನ್ನು ಅಳೆಯುವ ಸೆನ್ಸರ್ ಇರುತ್ತದೆ, ಫ್ಯಾನುಗಳನ್ನು ಆ ಉಷ್ಣತೆಗೆ ಕಟ್ಟಿಹಾಕಿದರೆ ಚಿಪ್ಪಿನ ಜಿಗಿತಗಳು ಅವುಗಳಿಗೆ ತಟ್ಟುವುದೇ ಇಲ್ಲ. ಫ್ಯಾನ್ ನಿಮಿಷಗಳ ಅಂತರದಲ್ಲಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಸೆನ್ಸರ್ ಇಲ್ಲದ ಲಿಕ್ವಿಡ್ ಕೂಲರಿನ ಫ್ಯಾನುಗಳು ಪ್ರೊಸೆಸರ್ ಉಷ್ಣತೆಯನ್ನೇ ನೋಡಿ ಓಡುವುದರಿಂದ ಏರ್ ಕೂಲರ್ ಮಾಡುವ ಏರಿಳಿತವನ್ನೇ ಅವೂ ಮಾಡುತ್ತವೆ. ಕೊಳ್ಳುವ ಮುನ್ನ ದ್ರವದ ಸೆನ್ಸರ್ ಇದೆಯೇ ಎಂದು ಕೇಳಿ ತಿಳಿಯುವುದು, ಅದರ ಬಣ್ಣದ ದೀಪಗಳನ್ನು ನೋಡುವುದಕ್ಕಿಂತ ನೂರು ಪಾಲು ಮುಖ್ಯ.

ಫ್ಯಾನ್ ಏರಿಳಿಯದೆ ಸದಾ ಪೂರ್ಣ ವೇಗದಲ್ಲಿದ್ದರೆ ಅದರ ಪ್ಲಗ್ ನೋಡಿ. ಮೂರು ಪಿನ್ನಿನ ಫ್ಯಾನನ್ನು ಪಿಡಬ್ಲ್ಯುಎಂ ವಿಧಾನಕ್ಕೆ (ನಾಲ್ಕನೆಯ ಪಿನ್ನಿನ ಸಂಕೇತದಿಂದ ವೇಗ ನಿಯಂತ್ರಿಸುವುದು) ಹೊಂದಿಸಿದ ಸಾಕೆಟ್ಟಿಗೆ ಚುಚ್ಚಿದರೆ ಅದು 12 ವೋಲ್ಟ್ ಪೂರ್ತಿ ಪಡೆದು ಓಡುತ್ತಲೇ ಇರುತ್ತದೆ. ಬಯಾಸ್‌ನಲ್ಲಿ ಆ ಸಾಕೆಟ್ಟನ್ನು ವೋಲ್ಟೇಜ್ ಏರಿಸಿ ಇಳಿಸಿ ವೇಗ ನಿಯಂತ್ರಿಸುವ ಡಿಸಿ ವಿಧಾನಕ್ಕೆ ಬದಲಿಸಿದರೆ ಕೆಲಸ ಮುಗಿಯಿತು.

ಬಿಡದೆ ಕೇಳುವ ಗುನುಗು, ಗುಳುಗುಳು, ಟಿಕ್‌ಟಿಕ್

ಯಂತ್ರ ಸುಮ್ಮನಿದ್ದಾಗಲೂ ಒಂದೇ ಸ್ವರದಲ್ಲಿ ಕೇಳುವ ಸಣ್ಣ ಗುನುಗು ಲಿಕ್ವಿಡ್ ಕೂಲರ್ ಇರುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಪಂಪಿನದು. ಏರ್ ಕೂಲರಿಗೆ ಪಂಪ್ ಇಲ್ಲ, ಅದರ ಫ್ಯಾನನ್ನು 500 ಆರ್‌ಪಿಎಂಗೆ ಇಳಿಸಿದರೆ ಕೇಳಲು ಏನೂ ಉಳಿಯುವುದಿಲ್ಲ. ಪಂಪ್ ಮಾತ್ರ ಯಂತ್ರ ಚಾಲೂ ಇರುವಷ್ಟು ಹೊತ್ತೂ ತಿರುಗಲೇಬೇಕು. ಹೆಚ್ಚು ಹೊತ್ತು ಓದು, ಬರಹ, ಲೆಕ್ಕಪತ್ರಗಳಲ್ಲೇ ಕಳೆಯುವವರ ಯಂತ್ರಕ್ಕೆ ಗಾಳಿಯೇ ಮೇಲು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಪಂಪಿನ ಸ್ವರ ಏರಿಳಿಯುತ್ತಿದ್ದರೆ ಅದನ್ನು ಪ್ರೊಸೆಸರ್ ಫ್ಯಾನಿನ ಸಾಕೆಟ್ಟಿಗೆ ಸಿಕ್ಕಿಸಿ, ಫ್ಯಾನಿನ ರೇಖೆಯನ್ನೇ ಅದಕ್ಕೂ ಕೊಟ್ಟಿರುತ್ತಾರೆ. ಪಂಪಿಗೆ ಮೀಸಲಾದ ಸಾಕೆಟ್ಟಿಗೆ ಬದಲಿಸಿ ವೇಗವನ್ನು ಸ್ಥಿರವಾಗಿಡಿ. ತಯಾರಕರು ವೇಗ ತಗ್ಗಿಸಲು ಅನುಮತಿಸುವ ಪಂಪ್ ಆದರೆ 100ರ ಬದಲು 60–70 ಶೇಕಡಕ್ಕೆ ಇಳಿಸಿ ನೋಡಿ. ಉಷ್ಣತೆಯಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣದೆ ಗುನುಗು ಮಾತ್ರ ಅಡಗುವುದುಂಟು.

ಗುಳುಗುಳು ಸದ್ದು ಬಂದರೆ ದ್ರವದಲ್ಲಿ ಗಾಳಿ ಇದೆ ಎಂದರ್ಥ. ಮುಚ್ಚಿದ ಲಿಕ್ವಿಡ್ ಕೂಲರಿನೊಳಗೆ ಸ್ವಲ್ಪ ಗಾಳಿ ಮೊದಲಿನಿಂದಲೂ ಇರುತ್ತದೆ, ವರ್ಷಗಳು ಕಳೆದಂತೆ ರಬ್ಬರ್ ಕೊಳವೆಗಳ ಮೂಲಕ ದ್ರವ ಅತಿ ನಿಧಾನವಾಗಿ ಆವಿಯಾಗಿ ಆ ಗಾಳಿ ಹೆಚ್ಚುತ್ತದೆ. ಗಾಳಿ ಯಾವಾಗಲೂ ಅತಿ ಎತ್ತರದ ಜಾಗಕ್ಕೆ ಸೇರುತ್ತದೆ. ಆ ಜಾಗ ರೇಡಿಯೇಟರಿನ ಮೇಲ್ತುದಿಯಾಗಿದ್ದರೆ ತೊಂದರೆಯಿಲ್ಲ, ಪಂಪ್ ಆಗಿದ್ದರೆ ಸದ್ದೂ ಬರುತ್ತದೆ, ಪಂಪಿನ ಆಯುಷ್ಯವೂ ಕುಗ್ಗುತ್ತದೆ. ಆದ್ದರಿಂದ ರೇಡಿಯೇಟರನ್ನು ಕ್ಯಾಬಿನೆಟ್ಟಿನ ತಳದಲ್ಲಿ ಕೂರಿಸಬಾರದು. ಮೇಲ್ಛಾವಣಿಗೆ ಕೂರಿಸುವುದು ಉತ್ತಮ; ಮುಂಭಾಗದಲ್ಲಿ ನಿಲ್ಲಿಸುವುದಾದರೆ ಕೊಳವೆಗಳು ಕೆಳಗೆ ಬರುವಂತೆ, ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರುವಂತೆ ನೋಡಿಕೊಳ್ಳಿ. ಸರಿಯಾಗಿ ಕೂರಿಸಿದ ಮೇಲೂ ಸಾಗಾಟದಲ್ಲಿ ಸಿಕ್ಕಿಕೊಂಡ ಗುಳ್ಳೆಗಳು ಮೊದಲ ಕೆಲವು ಗಂಟೆ ಸದ್ದು ಮಾಡಬಹುದು. ಯಂತ್ರವನ್ನು ನಿಲ್ಲಿಸಿ, ಕ್ಯಾಬಿನೆಟ್ಟನ್ನು ನಿಧಾನವಾಗಿ ಎರಡೂ ಕಡೆಗೆ ವಾಲಿಸಿ, ನೆಟ್ಟಗೆ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಅವು ಮೇಲೇರಿ ಹೋಗುತ್ತವೆ.

ಟಿಕ್‌ಟಿಕ್ ಸದ್ದಿಗೆ ಬಹುತೇಕ ಫ್ಯಾನಿಗೆ ತಾಕುವ ವೈರ್ ಕಾರಣ. ವೈರ್ ಸರಿಸಿದರೂ ನಿಲ್ಲದಿದ್ದರೆ ಬೇರಿಂಗ್ ಸವೆದಿದೆ, ಆ ಫ್ಯಾನೊಂದನ್ನೇ ಬದಲಿಸಿದರೆ ಸಾಕು.

ನಿಜವಾಗಿಯೂ ಬಿಸಿ ಹೆಚ್ಚಿದ್ದರೆ

ಭಾರ ಹಾಕಿದಾಗ ಉಷ್ಣತೆ ಎಷ್ಟು ಬೇಗ ಏರುತ್ತದೆ ಎಂಬುದೇ ಇಲ್ಲಿ ಅತಿ ದೊಡ್ಡ ಸುಳಿವು. ಸಿನೆಬೆಂಚ್ ಶುರುವಾದ ಒಂದೆರಡು ಸೆಕೆಂಡಿನಲ್ಲೇ 95 ಮುಟ್ಟಿದರೆ, ಶಾಖ ಪ್ರೊಸೆಸರಿನಿಂದ ಕೂಲರಿಗೆ ದಾಟುತ್ತಲೇ ಇಲ್ಲ, ಅಥವಾ ದಾಟಲಾಗದಷ್ಟು ವಿದ್ಯುತ್ತನ್ನು ಪ್ರೊಸೆಸರ್ ಎಳೆಯುತ್ತಿದೆ. ಹತ್ತು ನಿಮಿಷಗಳಲ್ಲಿ ಮೆಲ್ಲಗೆ ತೆವಳಿ 95ಕ್ಕೆ ಬಂದರೆ, ಕೂಲರ್ ಹಿಡಿದ ಶಾಖ ಕ್ಯಾಬಿನೆಟ್ಟಿನಿಂದ ಹೊರಗೆ ಹೋಗುತ್ತಿಲ್ಲ.

ಮೊದಲನೆಯ ಬಗೆಯಾದರೆ ಕೂಲರನ್ನು ಬಿಚ್ಚಿ ನೋಡಿ. ತಳದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ಕೂರಿಸಿರುವುದು ನಂಬಲಾಗದಷ್ಟು ಸಾಮಾನ್ಯ. ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಂದು ಮೂಲೆಯಲ್ಲಿ ದಪ್ಪಗೂ ಇನ್ನೊಂದರಲ್ಲಿ ತೆಳ್ಳಗೂ ಇದ್ದರೆ ಸ್ಕ್ರೂಗಳನ್ನು ಸಮನಾಗಿ ಬಿಗಿಸಿಲ್ಲ. 2021ರಲ್ಲಿ ಬಂದ, ಇಂಟೆಲ್ ಪ್ರೊಸೆಸರ್ ಕೂರುವ ಎಲ್‌ಜಿಎ 1700 ಸಾಕೆಟ್ಟಿನ ಸುತ್ತ ಕೂಲರ್ ಬಿಗಿಸುವ ರಂಧ್ರಗಳ ಅಂತರ 78 ಮಿ.ಮೀ., ಅದಕ್ಕೆ ಹಿಂದಿನ ಎಲ್‌ಜಿಎ 1200 ಸಾಕೆಟ್ಟಿನದು 75 ಮಿ.ಮೀ.; ಹಳೆಯ ಕೂಲರನ್ನು ಹೊಸ ಬೋರ್ಡಿಗೆ ಹಾಕಿದ್ದರೆ ಬ್ರಾಕೆಟ್ ಸರಿಯಾದದ್ದೇ ಎಂದು ಖಚಿತಪಡಿಸಿಕೊಳ್ಳಿ. ಲಿಕ್ವಿಡ್ ಕೂಲರ್ ಆದರೆ ಎರಡು ಕೊಳವೆಗಳನ್ನೂ ಬೆರಳಿನಿಂದ ಮುಟ್ಟಿ. ಪಂಪ್ ಓಡುತ್ತಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಬೆಚ್ಚಗಿರುತ್ತವೆ. ಒಂದು ಸುಡುವಂತಿದ್ದು ಇನ್ನೊಂದು ಮತ್ತು ರೇಡಿಯೇಟರ್ ತಣ್ಣಗಿದ್ದರೆ ದ್ರವ ಹರಿಯುತ್ತಿಲ್ಲ. ಹಾಗಿದ್ದಲ್ಲಿ ಯಂತ್ರವನ್ನು ಕೂಡಲೇ ಆರಿಸಿ, ಆ ಕೂಲರಿನ ಕಥೆ ಮುಗಿಯಿತು.

ಇವೆಲ್ಲ ಸರಿಯಿದ್ದೂ ಉಷ್ಣತೆ ಜಿಗಿದರೆ ವ್ಯಾಟ್ ನೋಡಿ. ರೈಝೆನ್ 7000 ಸರಣಿಯ ಒಂದು ಚಿಪ್ಪಿನ ವಿಸ್ತೀರ್ಣ ಸುಮಾರು 70 ಚದರ ಮಿ.ಮೀ., ಉಗುರಿನಷ್ಟು ಜಾಗ. ಅಷ್ಟು ಕಿರಿದಾದ ಜಾಗದಿಂದ ಶಾಖ ಹೊರಬರುವುದೇ ಕಷ್ಟವಾದ್ದರಿಂದ ಕೂಲರ್ ಎಷ್ಟೇ ದೊಡ್ಡದಾದರೂ ಸಿಗುವ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ಬಯಾಸ್‌ನಲ್ಲಿ ಕಡಿಮೆ ವಿದ್ಯುತ್ತಿನ ಇಕೋ ವಿಧಾನವನ್ನು ಆರಿಸಿದರೆ, ಅಥವಾ ಇಂಟೆಲ್ ಪ್ರೊಸೆಸರುಗಳಲ್ಲಿ ದೀರ್ಘಕಾಲದ ವಿದ್ಯುತ್ ಮಿತಿಯನ್ನು ತಗ್ಗಿಸಿದರೆ, ವೇಗದಲ್ಲಿ ಸಣ್ಣ ನಷ್ಟಕ್ಕೆ ಸದ್ದಿನಲ್ಲಿ ದೊಡ್ಡ ಲಾಭ ಸಿಗುತ್ತದೆ. ಕೋರ್ ಐ9-14900ಕೆ ಮಿತಿ 253 ವ್ಯಾಟ್. ಅದನ್ನು 150ಕ್ಕೆ ಇಳಿಸಿದರೆ ಒಂದು ಒಳ್ಳೆಯ ಏರ್ ಕೂಲರ್ ಸದ್ದಿಲ್ಲದೆ ಅದನ್ನು ನಿಭಾಯಿಸುತ್ತದೆ.

ಎರಡನೆಯ ಬಗೆಯಾದರೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲನ್ನು ತೆಗೆದು ಅದೇ ಪರೀಕ್ಷೆಯನ್ನು ಮತ್ತೆ ನಡೆಸಿ. ಉಷ್ಣತೆ ಐದಾರು ಡಿಗ್ರಿಗಿಂತ ಹೆಚ್ಚು ಇಳಿದರೆ ಕ್ಯಾಬಿನೆಟ್ ಉಸಿರುಗಟ್ಟಿದೆ. ಮುಂಭಾಗದ ಧೂಳಿನ ಜಾಲರಿಯನ್ನು ತೊಳೆಯಿರಿ, ಹೀಟ್‌ಸಿಂಕಿನ ಪದರಗಳ ನಡುವೆ ಅಥವಾ ರೇಡಿಯೇಟರಿನ ಒಳಮುಖದಲ್ಲಿ ಕಂಬಳಿಯಂತೆ ಕೂತ ಧೂಳನ್ನು ಬ್ಲೋವರ್ ಹಿಡಿದು ತೆಗೆಯಿರಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳಿಟ್ಟು ಹಿಡಿದುಕೊಳ್ಳಿ. ಮುಂಭಾಗ ಪೂರ್ತಿ ಗಾಜಿನದಾದರೆ ತೊಳೆಯುವುದರಿಂದ ಪ್ರಯೋಜನವಿಲ್ಲ, ಕ್ಯಾಬಿನೆಟ್ಟನ್ನೇ ಜಾಲರಿ ಮುಖದ್ದಕ್ಕೆ ಬದಲಿಸಬೇಕು. ಕೂಲರಿಗೆ ತೆಗೆದಿಟ್ಟ ಹಣ ಅಲ್ಲಿ ಹೆಚ್ಚು ಸಾರ್ಥಕವಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಕೂಲರ್ ಬೇಕೆಂದರೆ

ಫ್ಯಾನಿನ ವೇಗ 1500ರಿಂದ 1000 ಆರ್‌ಪಿಎಂಗೆ ಇಳಿದರೆ ಸದ್ದು ಸುಮಾರು 9 ಡೆಸಿಬೆಲ್ ಕಡಿಮೆಯಾಗುತ್ತದೆ, ಕಿವಿಗೆ ಅದು ಹೆಚ್ಚುಕಡಿಮೆ ಅರ್ಧದಷ್ಟು ಎನಿಸುತ್ತದೆ. ಅದೇ ವೇಗದ ಫ್ಯಾನುಗಳ ಸಂಖ್ಯೆ ಎರಡರಷ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಹಾಗಾಗಿ ದೊಡ್ಡ ಮೈ, ದೊಡ್ಡ ಫ್ಯಾನ್, ಕಡಿಮೆ ವೇಗ ಎಂಬುದೇ ಎರಡೂ ಬಗೆಯ ಕೂಲರುಗಳಿಗೆ ಅನ್ವಯಿಸುವ ನಿಯಮ. 120 ಮಿ.ಮೀ. ರೇಡಿಯೇಟರಿನ ಚಿಕ್ಕ ಲಿಕ್ವಿಡ್ ಕೂಲರನ್ನು ಸದ್ದು ಕಡಿಮೆ ಮಾಡಲೆಂದು ಯಾರೂ ಕೊಳ್ಳಬಾರದು. ಅದರ ಬೆಲೆಗೇ ಸಿಗುವ ಗೋಪುರದ ಏರ್ ಕೂಲರ್ ತಣಿಸುವುದರಲ್ಲೂ ಮೌನದಲ್ಲೂ ಅದಕ್ಕಿಂತ ಮುಂದಿರುತ್ತದೆ.

ರೈಝೆನ್ 5 7600, ಕೋರ್ ಐ5-12400, 7800ಎಕ್ಸ್3ಡಿ ಇಂಥವುಗಳಿಗೆ ಏರ್ ಕೂಲರ್ ಸಾಕು. ಕೊಳ್ಳುವ ಮುನ್ನ ಅಳತೆ ಹಿಡಿಯಿರಿ: ಥರ್ಮಲ್‌ರೈಟ್ ಪೀರ್‌ಲೆಸ್ ಅಸ್ಯಾಸಿನ್ 120 ಎಸ್‌ಇ ಎತ್ತರ 155 ಮಿ.ಮೀ., ನಾಕ್ಟುವಾ ಎನ್‌ಎಚ್-ಡಿ15 ಎತ್ತರ 165 ಮಿ.ಮೀ., ಅದರ ತೂಕ ಫ್ಯಾನುಗಳೂ ಸೇರಿ 1,320 ಗ್ರಾಂ. ಕ್ಯಾಬಿನೆಟ್ ಎಷ್ಟು ಎತ್ತರಕ್ಕೆ ಜಾಗ ಕೊಡುತ್ತದೆ, ಮುಂದಿನ ಫ್ಯಾನ್ ರ‍್ಯಾಮ್‌ಗೆ ತಾಕುತ್ತದೆಯೇ ಎಂಬೆರಡನ್ನೂ ನೋಡಿಕೊಳ್ಳಬೇಕು. ಇಷ್ಟು ಭಾರದ ಕೂಲರ್ ಇರುವ ಯಂತ್ರವನ್ನು ಬಸ್ಸಿನಲ್ಲಿಯೋ ಸಾಗಣೆ ಕಂಪನಿಯ ಮೂಲಕವೋ ಕಳಿಸುವಾಗ ಕೂಲರನ್ನು ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ ಇಡುವುದು ಲೇಸು.

ನೀರಿನ ಕೂಲರಿಗೆ ನಿಜವಾದ ಕಾರಣಗಳು ಮೂರು. ವಿಡಿಯೊ ರೆಂಡರಿಂಗ್‌ನಂಥ ಕೆಲಸದಲ್ಲಿ ಪ್ರೊಸೆಸರ್ ಗಂಟೆಗಟ್ಟಲೆ 200 ವ್ಯಾಟ್‌ಗಿಂತ ಹೆಚ್ಚು ಎಳೆಯುತ್ತಿದ್ದು, ಅದನ್ನು ತಗ್ಗಿಸಲು ನಿಮಗೆ ಮನಸ್ಸಿಲ್ಲದಿದ್ದರೆ 360 ಮಿ.ಮೀ. ರೇಡಿಯೇಟರಿಗೆ ಸಾಟಿಯಿಲ್ಲ. ಕ್ಯಾಬಿನೆಟ್ ಚಿಕ್ಕದಾಗಿ ಗೋಪುರಕ್ಕೆ ಎತ್ತರ ಸಾಲದೆ ರೇಡಿಯೇಟರಿಗೆ ಜಾಗ ಇದ್ದರೆ ಅದು ಎರಡನೆಯ ಕಾರಣ. ಮೂರನೆಯದು, ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ನೇರವಾಗಿ ಏರ್ ಕೂಲರಿಗೆ ನುಗ್ಗುತ್ತಿರುವ ಸಂದರ್ಭ. ಆಗ ರೇಡಿಯೇಟರನ್ನು ಮುಂಭಾಗದಲ್ಲಿಟ್ಟರೆ ಪ್ರೊಸೆಸರಿಗೆ ಹೊರಗಿನ ತಾಜಾ ಗಾಳಿ ಸಿಗುತ್ತದೆ, ಆದರೆ ಬೆಚ್ಚಗಾದ ಆ ಗಾಳಿಯನ್ನೇ ಕಾರ್ಡ್ ಸೇವಿಸಬೇಕಾಗುತ್ತದೆ ಎಂಬುದು ನೆನಪಿರಲಿ.

ನೀರನ್ನು ಆರಿಸಿದವರು ಅಂಗಡಿಯಲ್ಲೇ ಕೆಲವು ವಿಷಯ ಕೇಳಿ ತಿಳಿಯಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ, ವಾರಂಟಿ ಎಷ್ಟು ವರ್ಷ, ಕೆಟ್ಟರೆ ಬದಲಿ ಕೂಲರ್ ಭಾರತದಲ್ಲೇ ಸಿಗುತ್ತದೆಯೇ, ದ್ರವ ಸೋರಿ ಬೇರೆ ಭಾಗಗಳು ಹಾಳಾದರೆ ಅದಕ್ಕೂ ವಾರಂಟಿ ಅನ್ವಯಿಸುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಇರಲಿ. ಏರ್ ಕೂಲರಿನಲ್ಲಿ ಸವೆಯುವುದು ಫ್ಯಾನ್ ಒಂದೇ, ಅದನ್ನು ಎಲ್ಲಿ ಬೇಕಾದರೂ ಕೊಂಡು ಹಾಕಬಹುದು. ಮುಚ್ಚಿದ ಲಿಕ್ವಿಡ್ ಕೂಲರಿನ ಪಂಪ್ ನಿಂತರೆ ಇಡೀ ಕೂಲರೇ ಹೋದಂತೆ, ಬದಲಿ ಬರುವವರೆಗೆ ಯಂತ್ರವೂ ನಿಂತಂತೆ. ಕೆಲಸಕ್ಕೆ ಆ ಯಂತ್ರವನ್ನೇ ನಂಬಿಕೊಂಡವರು ಹಳೆಯ ಏರ್ ಕೂಲರನ್ನು ಅದರ ಬ್ರಾಕೆಟ್ ಮತ್ತು ಸ್ಕ್ರೂಗಳ ಸಮೇತ ಎತ್ತಿಟ್ಟುಕೊಳ್ಳಲಿ.

ಯಾವುದನ್ನು ಹಾಕಿದರೂ, ಮೊದಲು ಬರೆದಿಟ್ಟ ಅಂಕಿಗಳ ಪಕ್ಕದಲ್ಲಿ ಅದೇ ಹೊತ್ತು, ಅದೇ ಭಾರ, ಅದೇ ವ್ಯಾಟ್ ಮಿತಿಯಲ್ಲಿ ಹೊಸ ಅಂಕಿಗಳನ್ನು ಬರೆಯಿರಿ, ಕೋಣೆಯ ಉಷ್ಣತೆಯನ್ನು ಎರಡರಿಂದಲೂ ಕಳೆಯಿರಿ. ಲಿಕ್ವಿಡ್ ಕೂಲರ್ ಆದರೆ ಹತ್ತು ನಿಮಿಷ ಸಾಲದು, ದ್ರವದ ಉಷ್ಣತೆ ಒಂದೆಡೆ ನಿಲ್ಲಲು ಅರ್ಧ ಗಂಟೆಯಾದರೂ ಬಿಡಿ. ಆ ಅರ್ಧ ಗಂಟೆಯ ಕೊನೆಯಲ್ಲಿ ದ್ರವ 60 ಡಿಗ್ರಿಯ ಸಮೀಪಕ್ಕೆ ಬಂದಿದ್ದರೆ ಫ್ಯಾನಿನ ವೇಗವನ್ನು ಅತಿಯಾಗಿ ತಗ್ಗಿಸಿದ್ದೀರಿ. ರೇಖೆಯನ್ನು ಸ್ವಲ್ಪ ಮೇಲೆತ್ತಿ ಮತ್ತೊಮ್ಮೆ ಅಳೆಯಿರಿ.